ತಂತಿಯಿಲ್ಲದ ಮಿಡಿ

ನಾನು ಹುಟ್ಟಾ ಅಂಜುಬುರುಕ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಜಾತಿ. ಇಂಥವನು ಸಂಗೀತಕ್ಕೆ, ಅದರಲ್ಲೂ ತಂತಿಯೇ ಇಲ್ಲದ ಸಂಗೀತಕ್ಕೆ ಕೈಹಾಕಬಾರದಿತ್ತು.

ವಿದ್ಯಾಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಗಂಗಕ್ಕ ನಿವೃತ್ತ ಶಿಕ್ಷಕಿ, ವಚನ ಹಾಡುತ್ತಾರೆ. ಅವರಿಗೆ ತಬಲಾ ರಾಜೇಸಾಬನದು, ಹಾರ್ಮೋನಿಯಂ ನನ್ನದು. ಸೊಂಟ ಹಿಡಿದ ಮೇಲೆ ಪೆಟ್ಟಿಗೆ ಹೊರುವುದನ್ನು ಬಿಟ್ಟು ನಾನು ಟ್ಯಾಬ್ಲೆಟ್ ಮೇಲೆ ನುಡಿಸತೊಡಗಿದೆ. ಹುನಗುಂದದ ಕಾರ್ಯಕ್ರಮದಲ್ಲಿ ಅದರಿಂದ ಸ್ಪೀಕರಿಗೆ ಎಳೆದಿದ್ದ ತಂತಿಗೆ ಗಂಗಕ್ಕನ ಕಾಲು ತೊಡರಿತು. ರಾಜೇಸಾಬ ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು. ಆ ಹೆದರಿಕೆಗೇ ಎರಡನೆಯ ಟ್ಯಾಬ್ಲೆಟ್ ಬಂತು. ಈಗ ಒಂದು ಟ್ಯಾಬ್ಲೆಟ್ ಸ್ಪೀಕರಿನ ಪಕ್ಕ ಕೂತು ದನಿ ಹೊರಡಿಸುತ್ತದೆ. ಇನ್ನೊಂದು ನನ್ನ ತೊಡೆಯ ಮೇಲೆ ಹಾರ್ಮೋನಿಯಮ್ಮಿನ ಕಪ್ಪು-ಬಿಳಿ ಮನೆಗಳನ್ನು ತೋರಿಸುತ್ತದೆ, ಅಷ್ಟೆ. ಇಲ್ಲಿ ಒತ್ತಿದ್ದು ಗಾಳಿಯಲ್ಲಿ ಹಾರಿ ಅಲ್ಲಿ ನುಡಿಯುತ್ತದೆ.

ಈ ಏರ್ಪಾಡಿಗೆ 'ಮಿಡಿ' ಎನ್ನುತ್ತಾರೆ. ಅದು ಎಂ, ಐ, ಡಿ, ಐ ಎಂಬ ಇಂಗ್ಲಿಷಿನ ನಾಲ್ಕು ಅಕ್ಷರಗಳಂತೆ. ಆದರೆ ನಮ್ಮಲ್ಲಿ ತಂತಿಯೂ ಮಿಡಿಯುತ್ತದೆ, ನಾಡಿಯೂ ಮಿಡಿಯುತ್ತದೆ. ಉಪ್ಪಿನಕಾಯಿ ಭರಣಿಗೆ ಬೀಳುವ ಎಳೆಮಾವೂ ಮಿಡಿಯೇ. ನಡುವೆ ಸಂಪರ್ಕ ಕಡಿದುಹೋದರೆ ಎಂಬ ದಿಗಿಲಿನಲ್ಲಿ, ಟ್ಯಾಬ್ಲೆಟ್ಟಿಗಿಂತ ಮೊದಲು ಮಿಡಿಯುತ್ತಿದ್ದುದು ನನ್ನ ಎದೆ.

ಇಳಕಲ್ಲಿನ ಕಾರ್ಯಕ್ರಮ, ಗಂಟಲಿನ ಆಪರೇಷನ್ ಆದ ಮೇಲೆ ಗಂಗಕ್ಕನ ಮೊದಲನೆಯದು. ಅವರ ದನಿ ಇಳಿದು ದಪ್ಪಗಾಗಿತ್ತು. ಗಂಟಲಿಗೆ ಗಾಳಿ ತಾಗೀತೆಂದು ಅವರು ದಾರಿಯುದ್ದಕ್ಕೂ ಕಾರಿನ ಕಿಟಕಿ ಇಳಿಸಗೊಡಲಿಲ್ಲ. ಊರು ಹತ್ತಿರವಾದಾಗ ಮೆಲ್ಲಗೆ ಹೇಳಿದರು:

"ತಮ್ಮಾ, ನನ್ನ ದನಿ ಒಡದ್ರ ನೀ ಜೋರಾಗಿ ಬಾರಿಸಿ ಮುಚ್ಚಿಬಿಡಪಾ."

"ಚಿಂತಿ ಮಾಡಬ್ಯಾಡ್ರಿ ಅಕ್ಕಾರ," ಎಂದೆ. ಹೇಳಿದವನು ಯಾರು ನೋಡಿ!

ಸಭಾಂಗಣ ತುಂಬಿತ್ತು. ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು. ಅವೆಲ್ಲ ನನ್ನ ಸ್ವರ ಹಾರುವ ಗಾಳಿಯನ್ನೇ ಕಸಿದುಕೊಳ್ಳಲು ಬಂದಂತೆ ಕಂಡವು. ಮೊದಲ ವಚನ ಹೇಗೋ ದಾಟಿತು. ಎರಡನೆಯದರ ನಡುವೆ ಹಾರ್ಮೋನಿಯಂ ನಿಂತುಹೋಯಿತು. ಒತ್ತಿದೆ, ಮತ್ತೆ ಒತ್ತಿದೆ. ಟ್ಯಾಬ್ಲೆಟ್ಟಿನ ಗಾಜು ಗಾಜಾಗಿಯೇ ಉಳಿಯಿತು. ಮುಚ್ಚುತ್ತೇನೆಂದು ಮಾತು ಕೊಟ್ಟವನೇ ಅವರನ್ನು ಬಯಲಲ್ಲಿ ನಿಲ್ಲಿಸಿದ್ದೆ.

ಗಂಗಕ್ಕ ಒಮ್ಮೆ ನನ್ನತ್ತ ನೋಡಿದರು. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ಕಣ್ಣು ಮುಚ್ಚಿ ಹಾಡು ಮುಂದುವರಿಸಿದರು. ರಾಜೇಸಾಬ ಕೈ ಹಗುರ ಮಾಡಿದ. ಆ ದನಿ ಒಂದು ಕಡೆ ಒಡೆಯಿತು ಕೂಡ. ಒಡೆದಲ್ಲೇ ಅವರು ಕ್ಷಣ ತಡೆದು, ಅದೇ ಸಾಲನ್ನು ಇನ್ನೂ ಕೆಳಗಿನಿಂದ ಎತ್ತಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಮೊಬೈಲು ಕೆಳಗಿಟ್ಟರು. ಆ ಹೊಸ ದನಿ ಹೇಗಿದೆಯೆಂದು ನಾನೂ ಅಂದೇ ಕೇಳಿದ್ದು. ಅಷ್ಟು ದಿನ ಅದನ್ನು ಮುಚ್ಚುವುದು ಹೇಗೆಂದಷ್ಟೇ ಯೋಚಿಸಿದ್ದೆ.

ತೊಡೆಯ ಮೇಲೆ ಹಸಿರು ದೀಪ ಹತ್ತಿತು; ಸಂಪರ್ಕ ಮರಳಿತ್ತು. ಬೆರಳು ಎತ್ತಿದವನು ಹಾಗೇ ಹಿಡಿದುಕೊಂಡೆ. ವಚನ ಮುಗಿಯುವವರೆಗೂ ಮುಟ್ಟಲಿಲ್ಲ.

ಮರಳುವಾಗ ಕಾರಿನಲ್ಲಿ ಗಂಗಕ್ಕ ಕೇಳಿದರು, "ನಡುವ ಸುಮ್ಮನಾದೆಲ್ಲ, ಬೇಕಂತ ಮಾಡಿದೇನು?"

"ಹೂಂ ರೀ ಅಕ್ಕಾರ, ನಾವಿಬ್ರೂ ಮೊದಲ ಮಾತಾಡಿಕೊಂಡಿದ್ವಿ," ಎಂದ ರಾಜೇಸಾಬ ನನ್ನನ್ನು ಉಳಿಸಲು.

"ಇಲ್ಲರೀ ಅಕ್ಕಾರ, ಖರೆ ಅಂದ್ರ ಕನೆಕ್ಷನ್ ಹೋಗಿತ್ತು," ಎಂದೆ ನಾನು.

ಗಂಗಕ್ಕ ಕೆಮ್ಮು ಬರುವವರೆಗೂ ನಕ್ಕರು. "ಮುಂದಿನ ಸಲಾನೂ ಅಲ್ಲೇ ಹೋಗಲಿ ತಮ್ಮಾ," ಎಂದು ಕಾರಿನ ಕಿಟಕಿ ಇಳಿಸಿದರು.

ಮುಂದಿನ ಕಾರ್ಯಕ್ರಮ ಬಾದಾಮಿಯಲ್ಲಿ. ಈಗ ನನಗೆ ಬೇರೆಯೇ ಚಿಂತೆ: ಹಾಳಾದ ಕನೆಕ್ಷನ್, ಆ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೋ ಇಲ್ಲವೋ!