ಬದಲಿ ಆಟಗಾರನ ಊಟ

ನನ್ನ ಅಪ್ಪ ವಾಲಿಬಾಲ್ ಆಡುತ್ತಿದ್ದರು. ಊರಿನ ತಂಡಕ್ಕಲ್ಲ, ಕರೆದವರ ತಂಡಕ್ಕೆ. ಬೆಳ್ಳಾರೆಯ ಹತ್ತಿರದ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಜೀಪು ಬರುತ್ತಿತ್ತು. ಆಲಂಕಾರಿನವರೋ ಕೆದಂಬಾಡಿಯವರೋ ಅವರನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಯಾವ ಶಾಲೆಯ ಮೈದಾನ, ಎದುರು ಯಾರು ಎಂಬುದೆಲ್ಲ ದಾರಿಯಲ್ಲಿ ತಿಳಿಯುತ್ತಿತ್ತು. ಗೆದ್ದರೆ ಬಹುಮಾನದ ಬಾಳೆಗೊನೆಯಲ್ಲಿ ತಮ್ಮ ಪಾಲು ಹಿಡಿದುಕೊಂಡು ಬರುತ್ತಿದ್ದರು, ಸೋತರೆ ಬರಿಗೈ. ನಮ್ಮ ಕಡೆ ಇಂಥವರಿಗೆ ಗೆಸ್ಟ್ ಆಟಗಾರ ಎನ್ನುತ್ತಾರೆ.

ಅವರನ್ನು ನೋಡಿಕೊಳ್ಳುವುದಕ್ಕೂ ಒಂದು ಕ್ರಮವಿತ್ತು. ಪಂದ್ಯ ಮುಗಿದ ಮೇಲೆ ಮೊದಲ ಎಲೆ ಗೆಸ್ಟ್ ಆಟಗಾರನದು. ಅವನಿಗೆ ಬಡಿಸದೆ ಬೇರೆಯವರಿಗೆ ಬಡಿಸುವಂತಿಲ್ಲ. ಉಂಡ ಎಲೆಯನ್ನು ಅವನು ಎತ್ತುವಂತಿಲ್ಲ, ಕರೆದ ಊರಿನವರೇ ಎತ್ತಬೇಕು. ಆದರೆ ಕರೆದು ಕೂರಿಸಿ ಆಡಿಸದೆ ಬಿಟ್ಟರೆ ಅವನು ಉಣ್ಣದೆ ಎದ್ದು ಹೋಗಬೇಕು. ಒಮ್ಮೆ ಎಲ್ಲೋ ಕಡಬದ ಆಚೆ, ಕೊನೇ ಗಳಿಗೆಯಲ್ಲಿ ತಂಡದ ಯಜಮಾನನ ಭಾವಮೈದ ಬಂದುಬಿಟ್ಟ. ಅಪ್ಪ ಇಡೀ ಪಂದ್ಯ ಮೈದಾನದ ಬದಿಯಲ್ಲಿ ಕೂತರು. ಕೋಳಿ ಸಾರಿನ ಪರಿಮಳ ಮೂಗಿಗೆ ಹೊಡೆಯುತ್ತಿದ್ದಾಗಲೇ ಎದ್ದು, ಸಿಕ್ಕಿದ ಜೀಪಿನ ಹಿಂದೆ ನೇತಾಡಿಕೊಂಡು ಮನೆಗೆ ಬಂದರಂತೆ. ಗೆದ್ದ ಪಂದ್ಯಗಳ ಕತೆಗಿಂತ ಈ ಕತೆಯನ್ನೇ ಅವರು ಹೆಚ್ಚು ಸಲ ಹೇಳಿದ್ದಾರೆ.

ನನಗೆ ದೇವರು ಕೊಟ್ಟದ್ದು ಉದ್ದ ಮಾತ್ರ. ಬಸ್ಸಿನಲ್ಲಿ ಕುತ್ತಿಗೆ ಬಗ್ಗಿಸಿಯೇ ನಿಲ್ಲುತ್ತಿದ್ದ ನನ್ನನ್ನು ಪುತ್ತೂರಿನ ಕಾಲೇಜಿನ ಪಿ.ಟಿ. ಮೇಷ್ಟ್ರು ಹಿಡಿದು ಬಾಸ್ಕೆಟ್‌ಬಾಲ್ ಅಂಕಣಕ್ಕೆ ನೂಕಿದರು. ಅಲ್ಲಿಂದ ಚೆನ್ನೈ. ಅಲ್ಲಿಂದ ಮಾಲ್ದೀವ್ಸ್‌ನ ಮಾಲೆ, ಕಠ್ಮಂಡು, ಢಾಕಾ, ಕೊನೆಗೆ ಬಹ್ರೈನ್. ಊರಲ್ಲಿ ಇದನ್ನು ಹೇಳಿದರೆ ಜನ ಬಾಯಿ ಬಿಡುತ್ತಾರೆ. ನಿಜ ಹೇಳಬೇಕೆಂದರೆ ನಾನೂ ಅಪ್ಪನ ಹಾಗೆ ಕರೆದವರ ಜೀಪು ಹತ್ತಿದವನೇ. ಜೀಪಿನ ಬದಲು ವಿಮಾನ, ಅಷ್ಟೇ. ಮಾಲೆಯಲ್ಲಿ ನನಗೆ ಕೊಟ್ಟ ಅಂಗಿಯಲ್ಲಿ ಹಿಂದಿನ ಆಟಗಾರನ ಹೆಸರಿತ್ತು, ಅದರ ಮೇಲೊಂದು ಬಟ್ಟೆಯ ತುಂಡು ಹೊಲಿದಿದ್ದರು. ಬೆವರಿದಾಗಲೆಲ್ಲ ಆ ಹೊಲಿಗೆ ಬೆನ್ನು ತುರಿಸುತ್ತಿತ್ತು. ಕಠ್ಮಂಡುವಿನ ಮಂಚದಿಂದ ಕಾಲು ಹೊರಗೆ ಚಾಚುತ್ತಿತ್ತು. ಚಳಿಗೆ ಪಾದಗಳಿಗೆ ಟವೆಲ್ ಸುತ್ತಿ ಮಲಗುತ್ತಿದ್ದೆ.

ಮೊದಮೊದಲು ಆಡಿದೆ, ಚೆನ್ನಾಗಿಯೇ ಆಡಿದೆ. ಢಾಕಾದಲ್ಲಿ ಮೊಣಕಾಲು ಕೈಕೊಟ್ಟ ಮೇಲೆ ನನ್ನ ಕೆಲಸ ಬದಲಾಯಿತು. ಅಭ್ಯಾಸದ ಹೊತ್ತಿಗೆ ತಂಡದ ದೊಡ್ಡ ಆಟಗಾರನಿಗೆ ಎದೆ ಕೊಟ್ಟು ನಿಲ್ಲಲು ಒಬ್ಬ ಉದ್ದದ ಮನುಷ್ಯ ಬೇಕಾಗುತ್ತದೆ. ಅವನು ಡಿಕ್ಕಿ ಹೊಡೆಯಬೇಕು, ನಾನು ತಡೆಯಬೇಕು. ಪಂದ್ಯದ ದಿನ ಅವನು ಆಡುತ್ತಾನೆ, ನಾನು ಬೆಂಚಿನ ಮೇಲೆ. ಇದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನನಗೇ ಕೆಲವೊಮ್ಮೆ ನಂಬಿಕೆಯಾಗುತ್ತಿರಲಿಲ್ಲ.

ಬಹ್ರೈನ್‌ನ ಪಂದ್ಯಗಳು ಮೊಬೈಲಿನಲ್ಲಿ ನೇರ ಬರುತ್ತಿದ್ದವು. ಮನೆಯಲ್ಲಿ ನನ್ನ ತಮ್ಮ ಅದನ್ನು ಟಿ.ವಿ.ಗೆ ಜೋಡಿಸಿ ಅಪ್ಪನನ್ನು ಎದುರು ಕೂರಿಸುತ್ತಿದ್ದ. ಅಪ್ಪನಿಗೆ ಬಾಸ್ಕೆಟ್‌ಬಾಲ್ ಅರ್ಥವಾಗುತ್ತಿರಲಿಲ್ಲ, ಮಗ ಕೂತಿರುವುದು ಅರ್ಥವಾಗುತ್ತಿತ್ತು. ಒಂದು ಪಂದ್ಯ ಮುಗಿದ ಕೂಡಲೇ ಫೋನ್ ಬಂತು.

"ನಿನ್ನನ್ನು ಇಳಿಸ್ಲಿಲ್ಲ ಅಲ್ವಾ?"

"ಇಲ್ಲ ಅಪ್ಪ. ಮುಂದಿನ ಪಂದ್ಯಕ್ಕೆ ನೋಡುವ ಅಂದಿದ್ದಾರೆ."

"ಹಾಗಾದ್ರೆ ಅಲ್ಲಿ ಉಣ್ಣಬೇಡ. ಎದ್ದು ಬಾ."

ನನಗೆ ನಗು ಬಂತು. ಇಲ್ಲಿ ಊಟಕ್ಕಾಗಿ ಆಡುವುದಲ್ಲ, ಒಪ್ಪಂದ ಅಂತ ಉಂಟು ಎಂದು ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಒಪ್ಪಂದ ಎಂತದ್ದೇ ಇರ್ಲಿ ಮಾರಾಯ, ಅನ್ನ ಅನ್ನವೇ," ಎಂದು ಫೋನ್ ಇಟ್ಟರು. ಆಮೇಲೆ ತಂಡದ ಮಲಯಾಳಿ ಅಡುಗೆಯವನು ಪ್ರೀತಿಯಿಂದ ಕುಚ್ಚಲಕ್ಕಿ ಅನ್ನ, ಮೀನು ಸಾರು ಹಾಕಿದ. ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಉಂಡೆ.

ಆ ಋತು ಮುಗಿಯುವಾಗ ಮ್ಯಾನೇಜರ್ ಕರೆದು, ಒಪ್ಪಂದ ಮುಂದುವರಿಯುವುದಿಲ್ಲ ಎಂದ. ಮೊಣಕಾಲಿನ ಕತೆ ಎಲ್ಲರಿಗೂ ಗೊತ್ತಿದ್ದುದರಿಂದ ಬೇರೆಯವರು ಕರೆಯುವ ಆಸೆಯೂ ಇರಲಿಲ್ಲ. ಆದರೆ ಒಪ್ಪಂದ ಮುಗಿಯುವ ಮೊದಲು ತಂಡ ಒಂದು ಆಹ್ವಾನಿತ ಪಂದ್ಯಕ್ಕೆ ಮಂಗಳೂರಿಗೆ ಹೋಗುವುದಿತ್ತು. ಎಲ್ಲ ಬಿಟ್ಟು ಮಂಗಳೂರಿಗೆ! ಅಪ್ಪ ನನ್ನ ಆಟವನ್ನು ಎದುರಿಗೆ ಕೂತು ಒಮ್ಮೆಯೂ ನೋಡಿರಲಿಲ್ಲ. ಕಾಲೇಜಿನ ದಿನಗಳಲ್ಲಿ ನನ್ನ ಪಂದ್ಯಗಳೂ ಭಾನುವಾರವೇ ಇರುತ್ತಿದ್ದವು, ಅವರ ಜೀಪೂ ಭಾನುವಾರವೇ ಬರುತ್ತಿತ್ತು. ಇನ್ನು ನೋಡುವುದಿದ್ದರೆ ಇದೊಂದೇ ಸಲ. ನಾಚಿಕೆ ಬಿಟ್ಟು ಕೋಚ್ ಹತ್ತಿರ ಕೇಳಿದೆ. ಅವನು ನನ್ನ ಭುಜ ತಟ್ಟಿ, ನಿನ್ನ ಊರಲ್ಲಿ ನಿನ್ನನ್ನು ಆಡಿಸದೆ ಇರುತ್ತೇನಾ ಎಂದ. ಅದೇ ದಿನ ಅಪ್ಪನಿಗೆ ಫೋನ್ ಮಾಡಿದೆ.

ಮಂಗಳೂರಿಗೆ ಬಂದ ಮೇಲೆ ನನ್ನನ್ನು ಯಾಕೆ ಕರೆತಂದಿದ್ದಾರೆಂದು ತಿಳಿಯಿತು. ಬಸ್ಸಿನವನ ಹತ್ತಿರ ತುಳು, ಹೋಟೆಲಿನವನ ಹತ್ತಿರ ಕನ್ನಡ, ಮೀನಿನ ಊಟದವನ ಹತ್ತಿರ ಮಲಯಾಳಂ ಮಾತಾಡಲು ಒಬ್ಬ ಬೇಕಿತ್ತು. ಮಾತಾಡಿದೆ. ಪಂದ್ಯದ ನಂತರದ ಊಟವನ್ನೂ ನಾನೇ ಹೇಳಿಟ್ಟೆ. ಅಪ್ಪನಿಗೂ ತಮ್ಮನಿಗೂ ಎರಡು ಕುರ್ಚಿ ಹೆಚ್ಚಿಗೆ ಹಾಕಲು ಹೇಳಿದೆ.

ಪಂದ್ಯ ಬೆಳಿಗ್ಗೆ. ಅಪ್ಪ ಮತ್ತು ತಮ್ಮ ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ಅಪ್ಪ ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿ, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನ ನೇರ ಎದುರಿಗೇ ಕೂತರು. ಮೊದಲರ್ಧ ಕೋಚ್ ನನ್ನ ಕಡೆ ನೋಡಲಿಲ್ಲ. ನಾಲ್ಕು ಭಾಗಗಳ ಆಟದ ಮೂರನೆಯದರಲ್ಲೂ ಇಲ್ಲ. ನಾನು ಬೆಂಚಿನ ಹಿಂದೆ ನಿಂತು ಕಾಲು ಬಿಸಿಮಾಡಿಕೊಳ್ಳುತ್ತಿದ್ದೆ, ಅಪ್ಪನ ಕಡೆ ಮಾತ್ರ ನೋಡುತ್ತಿರಲಿಲ್ಲ. ಕೊನೆಯ ನಿಮಿಷಕ್ಕೆ ನಾವು ಗೆಲ್ಲುವುದು ನಿಶ್ಚಯವಾಯಿತು. ಆಗ ಕೋಚ್ ತಿರುಗಿ, ಹೋಗು ಎಂದು ಕೈ ಬೀಸಿದ.

ಬಾಸ್ಕೆಟ್‌ಬಾಲ್‌ನಲ್ಲಿ ಹೋಗು ಎಂದ ಕೂಡಲೇ ಹೋಗುವುದಕ್ಕಾಗುವುದಿಲ್ಲ. ಬದಲಿ ಆಟಗಾರ ಅಂಕ ಬರೆಯುವವರ ಮೇಜಿನ ಬಳಿ ಕಾಯಬೇಕು. ಚೆಂಡು ಹೊರಗೆ ಹೋಗಬೇಕು, ಇಲ್ಲವೇ ಯಾರಾದರೂ ಫೌಲ್ ಮಾಡಬೇಕು. ಆಟ ನಿಂತರೆ ಮಾತ್ರ ಒಳಗೆ. ಮೇಲಂಗಿ ಕಿತ್ತು ಬಿಸಾಡಿ ಮೇಜಿನ ಹತ್ತಿರ ಹೋದೆ. ಅಪ್ಪ ಎದ್ದು ನಿಂತದ್ದು ಕಂಡಿತು. ಎದುರಾಳಿ ಎಸೆದ ಚೆಂಡು ಬುಟ್ಟಿಗೆ ಬೀಳದೆ ನಮ್ಮವನ ಕೈಗೆ ಬಂತು. ನಮ್ಮವರು ಅವಸರವಿಲ್ಲದೆ ಅಲ್ಲಿಂದಿಲ್ಲಿಗೆ ದಾಟಿಸಿದರು, ಎಸೆದರು, ಅದೂ ತಪ್ಪಿತು. ಮತ್ತೆ ಅವರ ಕೈಗೆ. ಗೆದ್ದವರೂ ಸೋತವರೂ ನಿಶ್ಚಯವಾದ ಮೇಲೆ ಫೌಲ್ ಮಾಡುವ ಗೋಜಿಗೆ ಯಾರು ಹೋಗುತ್ತಾರೆ? ಒಬ್ಬನಾದರೂ ಚೆಂಡು ಕೈಬಿಡಲಿ ಎಂದು ಎಲ್ಲ ದೈವಗಳನ್ನೂ ಕರೆದೆ. ಗಂಟೆ ಹೊಡೆಯಿತು. ನಾನು ಮೇಜಿನ ಬಳಿಯೇ ಇದ್ದೆ.

ಹೊರಗೆ ಬಂದಾಗ ಅಪ್ಪ ಕೇಳಿದರು, "ಅಲ್ಲಿ ಹೋಗಿ ನಿಂತದ್ದು ಎಂತಕ್ಕೆ?"

ನಿಯಮ ಹೇಳಿದೆ.

"ನಿಮ್ಮವರು ಒಬ್ರು ಒಮ್ಮೆ ಚೆಂಡನ್ನು ಹೊರಗೆ ಬಿಸಾಡಿದ್ರೆ ಆಗ್ತಿತ್ತಲ್ಲ? ಹೇಗೂ ಗೆದ್ದಾಗಿತ್ತು."

ಇಷ್ಟು ವರ್ಷ ಆಡಿದ ನನಗೆ ಅದು ಹೊಳೆದಿರಲಿಲ್ಲ. ಆಗುತ್ತಿತ್ತು. ಯಾರಿಗೂ ಬೇಡವಾಗಿತ್ತು, ಅಷ್ಟೇ.

ಹೋಟೆಲಿನಲ್ಲಿ ಊಟ ತಯಾರಾಗಿತ್ತು. ಬಾಗಿಲ ತನಕ ಬಂದ ಅಪ್ಪ ಅಲ್ಲೇ ನಿಂತರು. "ನಾನು ಒಳಗೆ ಬರುದಿಲ್ಲ. ನಿನಗೆ ಹೇಗೆ ಕಾಣ್ತದೆ ಹಾಗೆ ಮಾಡು." ತಮ್ಮ ನನ್ನ ಮುಖ ನೋಡಿದ, ಪಾಪ, ಅವನಿಗೆ ಹಸಿವಾಗಿತ್ತು. ನಾನು ಒಳಗೆ ಹೋಗಿ ಚೀಲ ತೆಗೆದುಕೊಂಡೆ, ಮ್ಯಾನೇಜರಿಗೆ ಬರುತ್ತೇನೆ ಎಂದೆ. ಅವನು ತಿನ್ನುತ್ತಲೇ ಕೈ ಎತ್ತಿದ. ನಾವು ಮೂವರೂ ಪುತ್ತೂರಿನ ಬಸ್ಸು ಹತ್ತಿದೆವು. ಪುತ್ತೂರಿನಲ್ಲಿ ಇಳಿದು ಬೆಳ್ಳಾರೆಯ ಬಸ್ಸಿಗೆ ಕಾಯುವಾಗಲೂ ಅಪ್ಪ ಒಂದು ಚಾ ಕುಡಿಯೋಣ ಎನ್ನಲಿಲ್ಲ.

ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಅಮ್ಮ ತೀರಿಕೊಂಡ ಮೇಲೆ ಅಡುಗೆಮನೆ ತಮ್ಮನ ಹೆಂಡತಿಯದು. ಅವಳು ಹುರುಳಿ ಸಾರು ಬಿಸಿಮಾಡಿ, ರೂಢಿಯಂತೆ ಅಪ್ಪನ ಬಟ್ಟಲಿಗೆ ಅನ್ನ ಹಾಕಲು ಹೋದಳು.

"ಮೊದಲು ಅವನಿಗೆ ಬಡಿಸು," ಎಂದರು ಅಪ್ಪ.

"ನನಗೆ ಯಾಕೆ? ನೀವು ಉಣ್ಣಿ."

"ಬಡಿಸು ಅವನಿಗೆ."

ಬಡಿಸಿದಳು. ನಾನು ಕಲಸಿ ಬಾಯಿಗಿಟ್ಟ ಮೇಲೆಯೇ ಅಪ್ಪ ತಮ್ಮ ಬಟ್ಟಲನ್ನು ಮುಂದೆ ಸರಿಸಿದ್ದು. ನಮ್ಮ ಮನೆಯಲ್ಲಿ ಉಂಡ ಬಟ್ಟಲನ್ನು ಅವರವರೇ ತೊಳೆದಿಡುವುದು. ಅಪ್ಪನೂ ಅಷ್ಟೇ, ನಾವೂ ಅಷ್ಟೇ. ಉಂಡು ನನ್ನ ಬಟ್ಟಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಅಪ್ಪ ಎದ್ದು ಬಂದು ಅದನ್ನು ಎತ್ತಿಕೊಂಡಿದ್ದರು.

"ಮಾವ, ನೀವು ಬಿಡಿ, ನಾನು ತೆಗೀತೇನೆ," ಎಂದಳು ತಮ್ಮನ ಹೆಂಡತಿ.

"ಬೇಡ. ಗೆಸ್ಟ್ ಆಟಗಾರ ಎತ್ತುವ ಕ್ರಮ ಇಲ್ಲ. ನಾನು ಎತ್ತುದು."

"ನಾನು ಆಡ್ಲಿಲ್ಲ ಅಪ್ಪ," ಎಂದೆ.

ಅವರು ಹಿತ್ತಲ ನಲ್ಲಿಯ ಹತ್ತಿರ ಸೊಂಟ ಹಿಡಿದುಕೊಂಡು ಕೂತು ಬಟ್ಟಲು ತೊಳೆದರು. ಆಡದವನಿಗೆ ಎಲೆಯೇ ಇಲ್ಲ ಎಂದು ನನಗೆ ಕಲಿಸಿದವರು ಅವರೇ. ಜೀವಮಾನವಿಡೀ ಹಿಡಿದುಕೊಂಡು ಬಂದ ಕ್ರಮವನ್ನು ನನಗಾಗಿ ಅವರು ಮುರಿದರು, ಹಾಗೆ ಮುರಿಯುವಾಗ ನನ್ನನ್ನು ಹೊರಗಿನವನನ್ನಾಗಿಯೂ ಮಾಡಿದರು. ಯಾವುದಕ್ಕೆ ಅಳಬೇಕೆಂದು ತಿಳಿಯದೆ, ಎಂಜಲು ಕೈಯಲ್ಲೇ ಕೂತಿದ್ದೆ.

ಈಗ ನಾನು ಮನೆಯಲ್ಲೇ ಇದ್ದೇನೆ, ಎಲ್ಲಿಗೂ ಹೋಗುವುದಿಲ್ಲ. ಮೊಣಕಾಲು ಮೆಟ್ಟಿಲು ಹತ್ತುವಾಗ ಕಟ್ ಕಟ್ ಎನ್ನುತ್ತದೆ. ಉಂಡ ಮೇಲೆ ನನ್ನ ಬಟ್ಟಲನ್ನು ನಾನೇ ಎತ್ತಬೇಕೆಂದು ಬೇಗ ಬೇಗ ಉಣ್ಣುತ್ತೇನೆ. ಆದರೂ ಹೆಚ್ಚಿನ ದಿನ ಅಪ್ಪ ನನಗಿಂತ ಮೊದಲೇ ಎದ್ದಿರುತ್ತಾರೆ.