ಡಾಕ್ಟರಮ್ಮನವರ ಕಾರು ಮತ್ತು ಕುವೈತಿನ ಎಣ್ಣೆ

ಮಾನ್ಯ ಓದುಗರ ಅವಗಾಹನೆಗೆ ವಿನಯಪೂರ್ವಕವಾಗಿ ತರಬಯಸುವುದೇನೆಂದರೆ, ನಮ್ಮ ಡಾಕ್ಟರಮ್ಮನವರ ಬಲಗೈ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಸದಾಕಾಲ ಒಂದು ಕಪ್ಪು ಗೆರೆ ಇರುತ್ತಿತ್ತು. ಹೆರಿಗೆ ಕೋಣೆಗೆ ಹೋಗುವ ಮುನ್ನ ಅವರು ಮೊಣಕೈವರೆಗೆ ಸೋಪು ಹಚ್ಚಿ, ಚರ್ಮ ಕೆಂಪಾಗುವಂತೆ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಆದರೂ ಆ ಗೆರೆ ಹೋಗುತ್ತಿರಲಿಲ್ಲ. ಅದು ಕಾರಿನ ಇಂಜಿನ್ ಆಯಿಲಿನ ಕಲೆ. "ಇದನ್ನ ಮುಚ್ಚೋಕೇ ಕಣೇ ಗ್ಲೌಸು ಕಂಡುಹಿಡಿದಿರೋದು" ಎಂದು ಅವರೇ ನಗುತ್ತಿದ್ದರು.

ನಾನು ಮುಳಬಾಗಿಲಿನಲ್ಲಿದ್ದ ಅವರ ಪುಟ್ಟ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿ ಸೇವೆ ಸಲ್ಲಿಸಿದವಳು. ಈವರೆಗೆ ನಾನು ಬರೆದಿರುವುದೆಲ್ಲ ಔಷಧಿಗಳ ಬೇಡಿಕೆ ಪತ್ರ, ರಜೆ ಅರ್ಜಿ ಮತ್ತು ಮೇಲಿನವರಿಗೆ ಕಳುಹಿಸುವ ವರದಿಗಳು ಮಾತ್ರ. ಒಬ್ಬರ ಬಗ್ಗೆ ನೆನಪಿನಿಂದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರಗಳು ತಪ್ಪಿರಬಹುದು, ಸಾಲುಗಳು ಬಲಕ್ಕೆ ಹೋದಂತೆ ಕೆಳಗೆ ಇಳಿದಿವೆ. ಕೈ ನಡುಗುವವಳ ಬರಹವೆಂದು ದೊಡ್ಡ ಮನಸ್ಸಿನಿಂದ ಮನ್ನಿಸಬೇಕಾಗಿ ಪ್ರಾರ್ಥಿಸುತ್ತೇನೆ. ಡಾಕ್ಟರಮ್ಮನವರ ಹೆಸರನ್ನು ಇಲ್ಲಿ ನಮೂದಿಸಿರುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರು ನಮ್ಮ ಊರಿನಲ್ಲಿ ಯಾರೂ ಇರಲಿಲ್ಲ.

ಅವರು ಮಾಲೂರಿನ ಕಡೆಯವರು, ಮದುವೆಯಾಗಿರಲಿಲ್ಲ. ಬಹಳ ಕುಳ್ಳಗಿದ್ದುದರಿಂದ ಕಾರಿನ ಸೀಟಿನ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು ಕೂರುತ್ತಿದ್ದರು. ಎದುರಿನಿಂದ ಬರುವವರಿಗೆ ಸ್ಟೀರಿಂಗಿನ ಮೇಲೆ ಒಂದು ಜೊತೆ ಕನ್ನಡಕ ಮಾತ್ರ ಕಾಣುತ್ತಿತ್ತು. ಸದರಿ ಕಾರನ್ನು ಅವರು ಕೋಲಾರದ ವಕೀಲರೊಬ್ಬರಿಂದ ಕೊಂಡಿದ್ದರು. ಕೊಳ್ಳುವಾಗಲೇ ಅದಕ್ಕೆ ವಯಸ್ಸಾಗಿತ್ತು. ಆದರೆ ಬಸ್ಸು ಹೋಗದ ಹಳ್ಳಿಗಳಿಗೆ ಅದು ಹೋಗುತ್ತಿತ್ತು. ಹೆರಿಗೆ ಕಷ್ಟವಾಗಿದೆಯೆಂದು ಯಾರಾದರೂ ಓಡಿಬಂದರೆ ಡಾಕ್ಟರಮ್ಮ ಊಟದ ತಟ್ಟೆಯಿಂದ ಎದ್ದು ಹೊರಡುತ್ತಿದ್ದರು. ರೋಗಿಗಳ ಮುಂದೆ ನನ್ನನ್ನು "ಸಿಸ್ಟರ್" ಎಂದೂ ಕಾರಿನಲ್ಲಿ "ಲೇ ಹುಡುಗಿ" ಎಂದೂ ಕರೆಯುತ್ತಿದ್ದರು.

ಅವರ ಹಟದ ಬಗ್ಗೆ ಹೇಳದಿದ್ದರೆ ಈ ನಿವೇದನೆ ಅಪೂರ್ಣವಾಗುತ್ತದೆ. ಕೊಟ್ಟ ಔಷಧಿಯನ್ನು ಅರ್ಧಕ್ಕೆ ಬಿಟ್ಟವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ.

"ಮಾತ್ರೆ ಯಾಕೋ ನಿಲ್ಲಿಸಿದೆ?"

"ಜ್ವರ ಬಿಟ್ಟೋಯ್ತಲ್ಲಮ್ಮಾ, ಅದಕ್ಕೇ."

"ಜ್ವರ ನಿನ್ನ ಬಿಡ್ತು, ನಾನು ಬಿಡಲ್ಲ. ಕೋರ್ಸ್ ಮುಗಿಸು. ಅರ್ಧಕ್ಕೆ ನಿಲ್ಸಿದ್ರೆ ಅದು ತಿರುಗಿ ಬಂದು ನಿನ್ನ ತಲೆ ಮೇಲೆ ಕೂರತ್ತೆ."

ಎಂಬತ್ತರ ದಶಕದ ಮೊದಲ ಭಾಗದಲ್ಲಿ ಕುವೈತಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ರಜೆಗೆ ಬಂದರು. ಅಕ್ಕನಿಗೆ ಸೀರೆ ತರುವ ಬದಲು ಅಕ್ಕನ ಕಾರಿಗೆ ಇಂಜಿನ್ ಆಯಿಲಿನ ಡಬ್ಬಗಳನ್ನು ತಂದಿದ್ದರು. ಅದು ನೆಲದಿಂದ ತೆಗೆದ ಎಣ್ಣೆಯಲ್ಲ, ಪ್ರಯೋಗಶಾಲೆಯಲ್ಲಿ ತಯಾರಾದದ್ದು, ಹೆಸರು ಸಿಂಥೆಟಿಕ್ ಆಯಿಲ್ ಎಂದು ವಿವರಿಸಿದರು. ಡಾಕ್ಟರಮ್ಮನವರು ಒಂದು ಡಬ್ಬ ತೆರೆದು, ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು ಕಿಟಕಿಯ ಬೆಳಕಿಗೆ ಹಿಡಿದರು. ಜೇನುತುಪ್ಪದಂತೆ ಹೊಳೆಯಿತು. ಪ್ರಯೋಗಶಾಲೆ ಎಂಬ ಮಾತಿಗೇ ಅವರು ಅರ್ಧ ಸೋತಿದ್ದರು, ಆ ಬಣ್ಣಕ್ಕೆ ಪೂರ್ತಿ ಸೋತರು.

ನಮ್ಮ ಆಯಾ ಮೂಗಿನ ಮೇಲೆ ಬೆರಳಿಟ್ಟು, "ಸಿಂಥೆಟಿಕ್ ಸೀರೆ ನೋಡಿದ್ದೆ ತಾಯಿ, ಬೆಂಕಿ ತಾಕಿದ್ರೆ ಮೈಗೇ ಅಂಟ್ಕೊಳತ್ತೆ. ಎಣ್ಣೇನೂ ಬಂತಾ?" ಎಂದಳು.

ಹೆದ್ದಾರಿಯ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ ಮಿಸ್ತ್ರಿ ಸಾಹೇಬರು ಹಳೆಯ ಎಣ್ಣೆ ಇಳಿಸಿ ಹೊಸದನ್ನು ಹಾಕಿಕೊಟ್ಟರು. ಬಹಳ ಮಾತಿನ ಮನುಷ್ಯ. "ಅಮ್ಮಾ, ವಿಮಾನಕ್ಕೆ ಹಾಕೋ ಆಯಿಲ್ ಇದು. ನಿಮ್ಮ ಗಾಡಿಗೆ ಇನ್ನು ರೆಕ್ಕೆ ಒಂದೇ ಬಾಕಿ" ಎಂದು ಹೊಗಳಿ ಕಳುಹಿಸಿದರು. ಮೊದಲ ಕೆಲವು ವಾರ ಹಾಗೆಯೇ ಅನ್ನಿಸಿತು. ಇಂಜಿನ್ ಶಬ್ದ ತಗ್ಗಿತು, ದಿಣ್ಣೆಗಳನ್ನು ಸಲೀಸಾಗಿ ಹತ್ತಿತು.

ಅನಂತರ ಸೋರತೊಡಗಿತು.

ಮೊದಲು ಒಂದೊಂದು ಹನಿ, ಆಮೇಲೆ ನಿಂತಲ್ಲೆಲ್ಲ ಅಂಗೈಯಗಲ ಮಡು. ರೋಗಿಗಳ ಮನೆಯ ಮುಂದೆ ಕಾರು ನಿಲ್ಲಿಸಿದರೆ ಅವರ ರಂಗೋಲಿಯ ಮೇಲೆ ಕಪ್ಪು ಎಣ್ಣೆ ಬೀಳುತ್ತಿತ್ತು. ಗಂಡು ಮಗು ಹುಟ್ಟಿದ ಸಂತೋಷದಲ್ಲಿದ್ದ ಮನೆಯವರೂ, "ಅಮ್ಮಾ, ಕಾರು ಸ್ವಲ್ಪ ಆ ಕಡೆ..." ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ನರ್ಸಿಂಗ್ ಹೋಮಿನ ಮುಂದೆ ನಿಲ್ಲಿಸಿದಾಗ ಇಂಜಿನ್ ಕೆಳಗೆ ಹಳೆಯ ಬೆಡ್‌ಪ್ಯಾನ್ ಒಂದನ್ನು ಇಡಬೇಕೆಂದು ನನಗೆ ಆದೇಶವಾಯಿತು. ಬೆಳಿಗ್ಗೆ ಅದರಲ್ಲಿ ತುಂಬಿದ ಎಣ್ಣೆಯನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಸೋಸಿ ಮತ್ತೆ ಇಂಜಿನ್ನಿಗೆ ಸುರಿಯುವುದೂ ನನ್ನ ಕೆಲಸವೇ ಆಯಿತು. ನರ್ಸಿಂಗ್ ತರಬೇತಿ ಪಡೆದು ಬಂದವಳು ನಾನು, ಬೆಳಗಾದರೆ ಕಾರಿಗೆ ಬೆಡ್‌ಪ್ಯಾನ್ ಕೊಡುತ್ತಿದ್ದೆ. ಬಿಳಿಯ ಸೀರೆಯ ಅಂಚಿಗೆ ಬಿದ್ದ ಕಲೆ ಯಾವ ಸೋಪಿಗೂ ಹೋಗಲಿಲ್ಲ. ಆಗ ನನಗೆ ಬರುತ್ತಿದ್ದ ಸಿಟ್ಟನ್ನು ಯಾವ ಭಾಷೆಯಲ್ಲಿ ನಿವೇದಿಸಲಿ?

"ಹಳೇ ಆಯಿಲೇ ಹಾಕ್ಸಿಬಿಡೋಣ ಅಮ್ಮಾ" ಎಂದು ಒಮ್ಮೆ ಧೈರ್ಯ ಮಾಡಿದೆ.

ಅವರು ಎಣ್ಣೆ ನೋಡುವ ಕಡ್ಡಿಯನ್ನು ಥರ್ಮಾಮೀಟರಿನಂತೆ ಎತ್ತಿ ಹಿಡಿದು ನೋಡುತ್ತಿದ್ದರು. "ಇನ್ನೂ ಡಬ್ಬ ಉಳಿದಿವೆ ಕಣೇ. ಕೋರ್ಸ್ ಅರ್ಧಕ್ಕೆ ಬಿಡಬಾರದು."

"ಅದು ಕಾರು ಅಮ್ಮಾ, ಪೇಷಂಟಲ್ಲ."

"ಪೇಷಂಟಾಗಿದ್ರೆ ನಿನ್ನಷ್ಟು ವಾದ ಮಾಡ್ತಿರ್ಲಿಲ್ಲ."

ಮಿಸ್ತ್ರಿ ಸಾಹೇಬರಿಗೂ ಇದರ ತಳಬುಡ ತಿಳಿಯಲಿಲ್ಲ. ಬೋಲ್ಟು ಸಡಿಲವಾಗಿದೆಯೆಂದು ಕೆಳಗಿನ ಎಣ್ಣೆಯ ತೊಟ್ಟಿಯ ಬೋಲ್ಟುಗಳನ್ನೆಲ್ಲ ಬಲವಾಗಿ ಬಿಗಿದರು. ನಡುವೆ ಇದ್ದ ಕಾರ್ಕಿನ ಪಟ್ಟಿ ಸೀಳಿ, ಸೋರುವ ಜಾಗ ಇನ್ನೊಂದು ಹೆಚ್ಚಾಯಿತು. ಕೊನೆಗೆ ಕುವೈತಿನ ಡಬ್ಬಗಳು ಮುಗಿದವು. ಕೋರ್ಸ್ ಪೂರ್ತಿಯಾಯಿತೆಂದು ಡಾಕ್ಟರಮ್ಮ ಒಪ್ಪಿ, ಮೊದಲಿನ ಸಾದಾ ಎಣ್ಣೆಯನ್ನೇ ಹಾಕಿಸಿದರು. ನಾನು ಬೆಡ್‌ಪ್ಯಾನನ್ನು ತೊಳೆದು ಒಳಗಿಟ್ಟೆ. ಮಾರನೆಯ ಬೆಳಿಗ್ಗೆ ನೋಡಿದರೆ ನೆಲದ ಮೇಲೆ ಮೊದಲಿಗಿಂತ ದೊಡ್ಡ ಮಡು.

ಡಾಕ್ಟರಮ್ಮ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದರು. "ಗೊತ್ತಾಯ್ತು ಕಣೇ. ಹಳೇ ಇಂಜಿನ್ ಒಳಗೆ ವರ್ಷಗಟ್ಲೆ ಜಿಡ್ಡು ಕಟ್ಟಿತ್ತು. ಸವೆದುಹೋದ ಸೀಲುಗಳ ಬಾಯನ್ನ ಆ ಜಿಡ್ಡೇ ಮುಚ್ಚಿತ್ತು, ಗಾಯದ ಮೇಲಿನ ಹಕ್ಕಳೆ ಥರ. ಇಷ್ಟು ಶುದ್ಧವಾದ ಎಣ್ಣೆ ಹಾಕಿ ಅದನ್ನ ತೊಳೆದುಬಿಟ್ವಿ. ಈಗ ಏನು ಹಾಕಿದ್ರೂ ಸೋರತ್ತೆ."

"ಅಂದ್ರೆ ಏನು ಮಾಡ್ಬೇಕು?"

"ಇಂಜಿನ್ ಬಿಚ್ಚಬೇಕು."

ಮಿಸ್ತ್ರಿ ಸಾಹೇಬರು ಗಾಡಿಯನ್ನು ತಿಂಗಳ ಮಟ್ಟಿಗೆ ಬಿಟ್ಟುಹೋಗಿ ಎಂದರು. ಡಾಕ್ಟರಮ್ಮ ಒಪ್ಪಲಿಲ್ಲ. "ನಿಮ್ಮ ಗ್ಯಾರೇಜು ಮುಗಿಯೋವರೆಗೂ ಹೆರಿಗೆಗಳು ಕಾಯ್ತಾವಾ ಸಾಹೇಬ್ರೇ?" ಎಂದು ಕೇಳಿ ಕಾರು ತೆಗೆದುಕೊಂಡು ಬಂದುಬಿಟ್ಟರು. ಬಿಚ್ಚಿಸಿದ್ದರೆ ಆಗಲೇ ಸರಿಹೋಗುತ್ತಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. ಆದರೆ ಆ ತಿಂಗಳು ಕಾರು ಗ್ಯಾರೇಜಿನಲ್ಲಿದ್ದಿದ್ದರೆ ಮುಂದಿನ ಸಂಗತಿ ಏನಾಗುತ್ತಿತ್ತೆಂದೂ ನೆನೆಯಬೇಕಾಗುತ್ತದೆ.

ನನ್ನ ತಂಗಿ ಚೊಚ್ಚಲ ಹೆರಿಗೆಗೆ ತಾಯಲೂರಿನಿಂದಾಚೆ ಇರುವ ನಮ್ಮ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ಆ ಕಡೆಯ ಮೊದಲ ಬಸ್ಸಿನ ಕಂಡಕ್ಟರು ಓಡುತ್ತಾ ಬಂದ. "ಸಿಸ್ಟರ್, ನಿಮ್ಮ ತಂಗಿಗೆ ಹೆಣ್ಣುಮಗು ಆಗಿದೆ. ಕಸ ಬಿದ್ದಿಲ್ವಂತೆ, ರಕ್ತ ನಿಲ್ತಾ ಇಲ್ವಂತೆ!" ಎಂದ. ಮಾಸು ಒಳಗೇ ಉಳಿದು ರಕ್ತ ಹೋಗತೊಡಗಿದರೆ ಬಾಣಂತಿಗೆ ಎಷ್ಟು ಹೊತ್ತು ಉಳಿದಿರುತ್ತದೆ ಎಂಬುದನ್ನು ನಾನು ನನ್ನ ಕೆಲಸದಿಂದಲೇ ಬಲ್ಲೆ. ಡಾಕ್ಟರಮ್ಮ ಸಲೈನ್ ಬಾಟಲಿಗಳನ್ನೂ ಚೀಲವನ್ನೂ ಕಾರಿಗೆ ಎಸೆದು, ಇದ್ದಷ್ಟು ಎಣ್ಣೆಯನ್ನು ಇಂಜಿನ್ನಿಗೆ ಸುರಿದು, ನನ್ನ ರಟ್ಟೆ ಹಿಡಿದು ಕೂರಿಸಿದರು.

ಅರ್ಧ ದಾರಿಯಲ್ಲಿ ಎಣ್ಣೆ ತಗ್ಗಿದೆಯೆಂದು ತೋರಿಸುವ ಕೆಂಪು ದೀಪ ಹೊತ್ತಿಕೊಂಡಿತು. ಇಳಿದು ಕಡ್ಡಿ ತೆಗೆದು ನೋಡಿದರೆ ತುದಿಯೂ ಒದ್ದೆಯಾಗಿರಲಿಲ್ಲ. ಹಿಂದಿನ ರಸ್ತೆಯುದ್ದಕ್ಕೂ ಕಪ್ಪು ಗೆರೆ ಎಳೆದಂತಿತ್ತು. ಹೊಲದ ಅಂಚಿನಲ್ಲಿ ಒಂದು ಮನೆ, ಅಂಗಳದಲ್ಲಿ ರಾಗಿ ಹರವುತ್ತಿದ್ದ ಮುದುಕಿ. ಡಾಕ್ಟರಮ್ಮ ಸೀರೆ ಎತ್ತಿ ಕಟ್ಟಿ ಅಲ್ಲಿಗೆ ಓಡಿದರು.

"ಅಜ್ಜೀ, ಮನೇಲಿ ಎಣ್ಣೆ ಏನಿದೆ?"

"ಹರಳೆಣ್ಣೆ ಇದೆ. ಸೊಸೆ ಬಾಣಂತನಕ್ಕೆ ಅಂತ ಕಾಯಿಸಿ ಇಟ್ಟಿದ್ದು. ಯಾರಿಗಮ್ಮಾ ಹೆರಿಗೆ?"

"ಕೊಡಜ್ಜೀ, ಕಾರಿಗೆ."

ಅಜ್ಜಿಗೆ ಗಾಬರಿಯಲ್ಲಿ ತೆಲುಗೇ ಬಂತು. "ಅಯ್ಯೋ ತಲ್ಲೀ, ಕಾರ್‌ಕಿ ಆಮುದಮಾ!" ಎಂದಳು. ಕಾರಿಗೆ ಯಾರಾದರೂ ಹರಳೆಣ್ಣೆ ಹಾಕುತ್ತಾರೆಯೇ ಎಂದು ಕೇಳುತ್ತಲೇ ಮಡಕೆಯನ್ನು ತಂದುಕೊಟ್ಟಳು.

ನಾನು ಹೇಳಿದೆ, "ಅಮ್ಮಾ, ಇಂಜಿನ್ ಹಾಳಾಗಿಹೋಗತ್ತೆ."

"ಗೊತ್ತು ಕಣೇ. ಸ್ವಲ್ಪ ದೂರ ಹೋದ್ರೆ ಸಾಕು. ಮಡಕೆ ಅಲ್ಲಾಡಿಸ್ಬೇಡ, ಸರಿಯಾಗಿ ಹಿಡ್ಕೋ."

ಬಾಣಂತಿಗೆ ಕಾಯಿಸಿದ ಎಣ್ಣೆ ಅಷ್ಟನ್ನೂ ಇಂಜಿನ್ ಕುಡಿಯಿತು. ಹೊಗೆ ಕಾರುತ್ತಾ, ಸುಟ್ಟ ಹರಳೆಣ್ಣೆಯ ವಾಸನೆ ಹರಡುತ್ತಾ ನಮ್ಮ ಮನೆಯ ಬಾಗಿಲಿಗೆ ಹೋಗಿ ನಿಂತಿತು. ತಂಗಿಯ ತುಟಿ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಡಾಕ್ಟರಮ್ಮ ಕೈ ಉಜ್ಜಿಕೊಂಡು, ಮಾಸನ್ನು ಹೊರತೆಗೆದರು. ತೊಟ್ಟಿಲು ಕಟ್ಟುವ ಕೊಂಡಿಗೆ ಸಲೈನ್ ಬಾಟಲಿ ತೂಗುಹಾಕಿದರು. ನಾಡಿ ಕೈಗೆ ಸರಿಯಾಗಿ ಸಿಗುವವರೆಗೆ ಅವಳ ಮಣಿಕಟ್ಟನ್ನು ಬಿಡಲಿಲ್ಲ. ನನ್ನ ತಾಯಿ ಕಾಲಿಗೆ ಬೀಳಲು ಹೋದಾಗ, "ಮೊದಲು ನನಗೆ ಕಾಫಿ ಕೊಡಿ" ಎಂದರು.

ಹಿಂದಿರುಗುವಾಗ ತಾಯಲೂರು ತಲುಪುವ ಮುನ್ನವೇ ಇಂಜಿನ್ ಒಮ್ಮೆ ಕಿರುಚಿ ನಿಂತುಬಿಟ್ಟಿತು. ಗ್ಯಾರೇಜಿಗೆ ಎಳೆದು ತಂದು ಬಿಚ್ಚಿದ ಮಿಸ್ತ್ರಿ ಸಾಹೇಬರು ತಲೆ ಚಚ್ಚಿಕೊಂಡರು. ಒಳಗೆಲ್ಲ ಹರಳೆಣ್ಣೆ ಹಲಸಿನ ಅಂಟಿನಂತೆ ಹಿಡಿದಿತ್ತು. "ಅರೆ ಅಮ್ಮಾ, ಭೇದಿ ಔಷಧಿ ಕೊಟ್ಟಿದೀರಲ್ಲ, ಬಡಪಾಯಿ ಏನು ಮಾಡತ್ತೆ?" ಎಂದರು. ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಒಳಗಿನ ಭಾಗಗಳು ಸೀಳಿಹೋಗಿದ್ದವು, ರಿಪೇರಿ ಸಾಧ್ಯವಿರಲಿಲ್ಲ. ಆ ಕಾಲದಲ್ಲಿ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಡಾಕ್ಟರಮ್ಮ ಚೀಲ ಹಿಡಿದು ಬಸ್ಸು ಹತ್ತತೊಡಗಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಆ ಮಳೆಗಾಲದಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ಸೈಕಲ್ಲಿನಲ್ಲಿ ಒಬ್ಬ ಬಂದ. ಅವನ ಹೆಂಡತಿಗೂ ಹೆರಿಗೆಯಾಗಿ, ನನ್ನ ತಂಗಿಗೆ ಬಂದಿದ್ದ ಸ್ಥಿತಿಯೇ ಬಂದಿತ್ತು. ಬಸ್ಸು ಹೋಗಿಬಿಟ್ಟಿತ್ತು. ಮಾರುಕಟ್ಟೆಯಲ್ಲಿ ಜೀಪು ಹುಡುಕಿ, ತರಕಾರಿ ಮೂಟೆ ಇಳಿಸಿ ಬರುತ್ತೇನೆಂದವನಿಗಾಗಿ ಕಾದು, ನಾವು ತಲುಪುವ ಹೊತ್ತಿಗೆ ಅಂಗಳದಲ್ಲಿ ಹೆಂಗಸರು ಅಳುತ್ತಿದ್ದರು. ಡಾಕ್ಟರಮ್ಮ ಆದರೂ ಒಳಗೆ ಹೋದರು. ಅವಳ ಮಣಿಕಟ್ಟು ಹಿಡಿದು ಸ್ವಲ್ಪ ಹೊತ್ತು ಕುಳಿತು, ಸೆರಗು ಸರಿಮಾಡಿ, ಎದ್ದು ಬಂದರು.

ಬಸ್ಸಿಗೆ ಕಾಯುತ್ತಾ ನಿಂತಾಗ ನನ್ನಿಂದ ತಡೆಯಲಾಗಲಿಲ್ಲ. "ಆವತ್ತು ನನ್ನ ತಂಗಿಗೋಸ್ಕರ ಕಾರು ಹಾಳುಮಾಡ್ಕೊಳ್ದೇ ಇದ್ದಿದ್ರೆ..." ಎಂದೆ.

ಅವರು ನನ್ನ ಮೇಲೆ ಕೂಗಾಡಿದ್ದು ಅದೊಂದೇ ಸಲ. "ಬಾಯಿ ಮುಚ್ಚೇ! ಆವತ್ತು ಕರೆದೋರ ಹತ್ರ ಆವತ್ತು ಹೋದೆ. ಇವತ್ತು ಹೋಗೋಕಾಗ್ಲಿಲ್ಲ. ಇವಳ ಜೀವ ಅವಳ ಜೀವ ಅಂತ ತಕ್ಕಡಿ ಹಿಡಿಯೋಳು ನೀನ್ಯಾರೇ? ಇನ್ನೊಂದ್ಸಲ ಈ ಮಾತು ಆಡಿದ್ರೆ ಕೆಲಸಕ್ಕೆ ಬರ್ಬೇಡ."

ಮತ್ತೆ ಆಡಲಿಲ್ಲ. ತಂಗಿಗೂ ಹೇಳಲಿಲ್ಲ. ಊರಿನಲ್ಲಿ ಕೆಲವರು, ಡಾಕ್ಟರಮ್ಮನಿಗೆ ಕಾರು ಇಟ್ಟುಕೊಳ್ಳುವ ಯೋಗ್ಯತೆ ಇರಲಿಲ್ಲವೆಂದು ಆಡಿಕೊಂಡಾಗ ನನ್ನ ಮೈ ಉರಿಯುತ್ತಿತ್ತು. ಅದಕ್ಕೂ ಉತ್ತರ ಕೊಡಲು ಅವರು ಬಿಡಲಿಲ್ಲ.

ಕಣ್ಣು ಮಂಜಾದ ಮೇಲೆ ಅವರು ನರ್ಸಿಂಗ್ ಹೋಂ ಮುಚ್ಚಿ ಮಾಲೂರಿನ ಬಂಧುಗಳ ಮನೆಗೆ ಹೋದರು. ಅಲ್ಲಿಯೇ ತೀರಿಕೊಂಡರು. ಸುದ್ದಿ ತಿಳಿದು ನಾನೂ ತಂಗಿಯೂ ಹೋದೆವು. ತಂಗಿ ಅವರ ಪಾದ ಹಿಡಿದು, "ನನ್ನ ಬದುಕಿಸಿದ ತಾಯಿ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಮಗಳು ಆಗ ಅವಳ ಭುಜಕ್ಕೆ ಬರುವಷ್ಟು ಬೆಳೆದಿದ್ದಳು. ನಾನು ಅಳುತ್ತಾ ಇನ್ನೊಂದು ಅಂಗಳವನ್ನು ನೆನೆಯುತ್ತಿದ್ದೆ. ಅಲ್ಲಿ ತಾಯಿಯಿಲ್ಲದೆ ಉಳಿದ ಮಗುವಿಗೂ ಅದೇ ವಯಸ್ಸು ಬಂದಿರಬೇಕಲ್ಲವೇ ಎಂದು. ಆ ಮಗುವಿಗೆ ನಮ್ಮ ಮನೆಯವರು ಏನು ಸಲ್ಲಿಸಬೇಕಾಗಿದೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ತಕ್ಕಡಿ ಹಿಡಿಯಬೇಡವೆಂದ ಡಾಕ್ಟರಮ್ಮನವರ ಆಜ್ಞೆಯನ್ನು ಮೀರಿ ಇದನ್ನು ಬರೆದಿದ್ದೇನೆ.

ಮೇಲ್ಕಂಡ ಸಂಗತಿಗಳನ್ನು ನನ್ನ ತಂಗಿಯೂ ಇಲ್ಲಿಯೇ ಮೊದಲ ಬಾರಿಗೆ ಓದಲಿದ್ದಾಳೆ. ಅದೇ ಕಾರಣದಿಂದ ಕೆಲವು ಸಾಲುಗಳನ್ನು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಕೆಲವು ಅಕ್ಷರಗಳು ಕಲಸಿಹೋಗಿವೆ. ಓದುವವರು ದಯಮಾಡಿ ಎಲ್ಲಿ ತಪ್ಪಿದೆಯೋ ಅಲ್ಲಿ ತಿದ್ದಿಕೊಂಡು, ನಿಧಾನವಾಗಿ ಓದಬೇಕಾಗಿ ವಿನಂತಿ.