ಒಂಬತ್ತು ಹಕ್ಕಿಗಳಿಗೆ ಒಂದು ಸಾಕ್ಷಿ

ಹಕ್ಕಿಯನ್ನು ನೋಡದೆ, ಬರೀ ಕೂಗು ಕೇಳಿ "ಇದು ಇಂಥದ್ದೇ" ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ತಾತ್ಸಾರ. ಒಂದು ಕಾಲಕ್ಕೆ ನಾನೂ ಅವರ ಪೈಕಿಯೇ. ಮೊದಲೇ ಹೇಳಿಬಿಡುತ್ತೇನೆ, ತಾತ್ಸಾರಕ್ಕೂ ಅನುಭವದ ಬಲವಿರಬೇಕಲ್ಲ.

ಅರವತ್ತರ ದಶಕದ ಆರಂಭ. ದಾಂಡೇಲಿಯ ಒಂದು ಕಟ್ಟಿಗೆ ಡಿಪೋದಲ್ಲಿ ನಾನು ಗುಮಾಸ್ತ. ಅಲ್ಲಿನ ಸಾಹೇಬರಿಗೆ ಪಕ್ಷಿಶಾಸ್ತ್ರದ ಹುಚ್ಚು. ಮುತ್ತುಗ ಹೂಬಿಟ್ಟಿತೆಂದರೆ ಸಾಕು, ಬೆಳಗಾಗುತ್ತಲೇ ಕೋಗಿಲಬನದ ಕಡೆಯ ಕಾಡಿಗೆ ಹೊರಡುವರು. ಅವರ ನೋಟುಬುಕ್ಕು ಹೊತ್ತು ಹಿಂದೆ ನಾನು.

"ಕಣ್ಣಿಲೆ ಯಾರರೆ ನೋಡ್ತಾರ್ರಿ. ಕಿವಿಲೆ ಗುರ್ತ ಹಿಡಿಯಾಂವ ಪಂಡಿತ," ಎನ್ನುವರು. ನನಗೆ ಗೊತ್ತಿದ್ದದ್ದು ಕಾಗೆ, ಕೋಗಿಲೆ ಎರಡೇ. ಅವೂ ಮರಿಗಳಾಗಿದ್ದರೆ ಅನುಮಾನ. ಆದರೂ ಊರಲ್ಲಿ ಪಂಡಿತನ ಗತ್ತಿನಿಂದಲೇ ಓಡಾಡುತ್ತಿದ್ದೆ.

ದಾರಿ ತೋರಿಸಲು ಜುಜೆ ಇದ್ದ. ಸಿದ್ದಿ ಜನಾಂಗದವನು, ಕಾಡಿನಲ್ಲೇ ಮರ ಕಡಿದು ತಲೆ ನರೆತವನು. ಒಂದು ಬೆಳಿಗ್ಗೆ ಬಿದಿರುಮೆಳೆಯ ಆಚೆ ಕೂಗೋ ಕೂಗು. ಸಾಹೇಬರು ಕಣ್ಣು ಮುಚ್ಚಿ, ಸಂಗೀತ ಕಛೇರಿಯಲ್ಲಿ ಕೂತವರಂತೆ ತಲೆದೂಗುತ್ತ ಹೇಳುತ್ತಾ ಹೋದರು: ಕುಟ್ರುಹಕ್ಕಿ, ಗಿಡುಗ, ಮರಕುಟಿಗ, ಗಿಳಿ... ಒಟ್ಟು ಒಂಬತ್ತು! ನಾನು ಬರೆದುಕೊಂಡೆ.

"ಸಾಹೇಬ್ರ," ಎಂದ ಜುಜೆ ಮೆಲ್ಲಗೆ, "ಒಂಬತ್ತೂ ಒಂದ ಹಕ್ಕಿರಿ. ಭೀಮರಾಜ. ಎಲ್ಲಾರ ದನಿ ಕದೀತೈತಿ. ಅಲ್ಲಿ ನೋಡ್ರಿ."

ನೋಡಿದೆವು. ಬಾಲದಿಂದ ಎರಡು ಉದ್ದ ಗರಿ ಇಳಿಬಿಟ್ಟ ಕರಿಯ ಹಕ್ಕಿ. ಒಂದೇ ಒಂದು. ನಮ್ಮ ಕಣ್ಣೆದುರಿಗೇ ಕುಟ್ರುವಾಯಿತು, ಗಿಡುಗವಾಯಿತು, ಗಿಳಿಯಾಯಿತು.

ಸಾಹೇಬರ ಮುಖ ಕೆಂಪೇರಿತು. "ನಿನಗೇನ್ ತಿಳಿತೈತೋ? ಉಳಿದ ಎಂಟು ಹಾರಿ ಹೋಗ್ಯಾವು!" ಎಂದವರೇ ಪಟ್ಟಿಯ ಕೆಳಗೆ ರುಜು ಹಾಕಿ ಪುಸ್ತಕವನ್ನು ನನ್ನತ್ತ ಚಾಚಿದರು. "ಸಾಕ್ಷಿ ಅಂತ ಸೈ ಮಾಡ್ರಿ. ಧಾರವಾಡದಾಗ ನನ್ನ ಭಾಷಣ ಐತಿ."

ಜುಜೆ ನನ್ನನ್ನೇ ನೋಡುತ್ತಿದ್ದ. ನನ್ನ ಬಡ್ತಿಯ ಕಾಗದ ಸಾಹೇಬರ ಮೇಜಿನ ಮೇಲಿತ್ತು. ಸೈ ಮಾಡಿದೆ. ಅಕ್ಷರಗಳು ದುಂಡಗೇ ಬಂದವು.

ಮರಳುವಾಗ ಜುಜೆ ನನ್ನ ಪಕ್ಕಕ್ಕೆ ಬಂದು ಹೇಳಿದ: "ರಾಯರ, ಭೀಮರಾಜ ಹೊಟ್ಟಿಪಾಡಿಗೆ ಮಂದಿ ದನಿ ತಗೀತೈತಿ ಬಿಡ್ರಿ. ಅದಕ್ಕ ತನ್ನದೂ ಅಂತ ಒಂದು ದನಿ ಐತಿ. ನಿಮಗ?"

ನಾನು ನೋಟುಬುಕ್ಕನ್ನು ಕಂಕುಳಿಗೆ ಸೇರಿಸಿ ಸಾಹೇಬರ ಹಿಂದೆ ಬೇಗಬೇಗ ಹೆಜ್ಜೆ ಹಾಕಿದೆ. ಮರುದಿನದಿಂದ ಸಾಹೇಬರು ಅವನನ್ನು ಕರೆಯುವುದನ್ನೇ ಬಿಟ್ಟರು. ನಾನು ಅದಕ್ಕೂ ತಲೆಯಾಡಿಸಿದೆ. ಧಾರವಾಡದಲ್ಲಿ ಚಪ್ಪಾಳೆ ಬಿತ್ತಂತೆ. ಬಡ್ತಿಯೂ ಬಂತು, ಮುಂಡಗೋಡಕ್ಕೆ ಹೋದೆ.

ಆಮೇಲೆ ಎಷ್ಟೋ ವಸಂತಗಳಲ್ಲಿ ಕಾಡಂಚಿನಲ್ಲಿ ಕಿವಿಗೊಟ್ಟು ನಿಂತಿದ್ದೇನೆ. ದನಿಯೊಂದರಿಂದಲೇ ನಾನು ತಪ್ಪದೆ ಗುರುತಿಸಬಲ್ಲ ಜೀವಿ ಇಂದಿಗೂ ಒಂದೇ: ಮೇಲಿನವರ ಮಾತಿಗೆ "ಹೌದ್ರಿ, ಹೌದ್ರಿ" ಎನ್ನುವ ಗುಮಾಸ್ತ. ಅದು ವಸಂತಕ್ಕೆ ಕಾಯುವುದಿಲ್ಲ. ಹನ್ನೆರಡು ತಿಂಗಳೂ ಕೂಗುತ್ತದೆ.